ಸಿಲಿಂಡರಿನೊಳಗಿನ ಒತ್ತಡ: ಒಂದು ಅಳತೆಯ ಇತಿಹಾಸ

ಮೈಸೂರಿನಲ್ಲಿ ನನ್ನ ಗೆಳೆಯರೊಬ್ಬರಿದ್ದಾರೆ, ನಿವೃತ್ತ ಮುಖ್ಯೋಪಾಧ್ಯಾಯರು. 1960ರ ದಶಕದಲ್ಲಿ ಅವರ ತಂದೆ ಕೊಂಡ ಕಾರು ಇಂದಿಗೂ ಅವರ ಮನೆಯಲ್ಲಿದೆ. ನಾಲ್ಕು ಸಿಲಿಂಡರುಗಳ, ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್ನು. ಒಂದು ದಿನ ಅವರು ಬೇಸರದ ಮುಖ ಹೊತ್ತು ನಮ್ಮ ವಿಭಾಗಕ್ಕೆ ಬಂದರು. ಕೈಯಲ್ಲೊಂದು ಚೀಟಿ, ಅದರಲ್ಲಿ ನಾಲ್ಕು ಸಂಖ್ಯೆಗಳು: 82, 84, 55, 83.

"ಕಂಪ್ರೆಶನ್ ನೋಡಿದರಂತೆ. ನೂರಿಪ್ಪತ್ತರ ಹತ್ತಿರ ಇರಬೇಕಿತ್ತಂತೆ. ಎಂಜಿನ್ ಪೂರ್ತಿ ಸವೆದಿದೆ, ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಬೇಕು, ಇಲ್ಲವೇ ಗುಜರಿಗೆ ಕೊಡಿ ಅಂತಾರೆ. ನೀವು ಫಿಸಿಕ್ಸ್ ಮೇಷ್ಟ್ರು, ಈ ನಂಬರುಗಳು ಏನು ಹೇಳುತ್ತವೆ, ನೀವೇ ಹೇಳಿ" ಎಂದರು.

ಕಾರಿನ ರಿಪೇರಿ ನನಗೆ ತಿಳಿಯದು. ಆದರೆ ಆ ಚೀಟಿಯಲ್ಲಿದ್ದದ್ದು ಒತ್ತಡದ ಅಳತೆ. ಒಂದು ಅಳತೆ ಅಸಹಜವೆನ್ನಲು ಸಹಜವೆಂದರೇನು ಎಂಬುದು ಮೊದಲು ಗೊತ್ತಿರಬೇಕು ತಾನೆ? ಸಹಜದ ಈ ಕಲ್ಪನೆಗೆ ಇನ್ನೂರು ವರ್ಷಗಳಿಗೂ ಮಿಗಿಲಾದ ಇತಿಹಾಸವಿದೆ. ಅದನ್ನು ನೋಡಿಕೊಂಡು ಮತ್ತೆ ಈ ಕಾರಿನ ಬಳಿಗೆ ಬರೋಣ.

ವಾಟ್ ಕಾಪಾಡಿದ ಗುಟ್ಟು

ಎಂಜಿನ್ನಿನ ಸಿಲಿಂಡರು ಮುಚ್ಚಿದ ಪೆಟ್ಟಿಗೆ. ಒಳಗೆ ನಡೆಯುವುದು ಕಣ್ಣಿಗೆ ಕಾಣದು. ಈ ತೊಂದರೆಯನ್ನು ಗಂಭೀರವಾಗಿ ಎದುರಿಸಿದ ಮೊದಲಿಗರಲ್ಲಿ ಜೇಮ್ಸ್ ವಾಟ್ ಒಬ್ಬ. ಅವನೂ ಪಾಲುದಾರ ಬೋಲ್ಟನ್ನನೂ ತಮ್ಮ ಉಗಿ ಎಂಜಿನ್ನುಗಳಿಗೆ ಪಡೆಯುತ್ತಿದ್ದ ಪ್ರತಿಫಲ ವಿಚಿತ್ರವಾಗಿತ್ತು: ಹಳೆಯ ನ್ಯೂಕಮೆನ್ ಎಂಜಿನ್ನಿಗೆ ಹೋಲಿಸಿದಾಗ ಉಳಿತಾಯವಾದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೆಯ ಒಂದು ಪಾಲು. ಎಂಜಿನ್ನು ಎಷ್ಟು ಕೆಲಸ ಮಾಡುತ್ತಿದೆ, ಎಲ್ಲಿ ಸೋರುತ್ತಿದೆ ಎಂದು ತಿಳಿಯುವುದು ಅವರಿಗೆ ಹಣದ ಪ್ರಶ್ನೆಯೂ ಆಗಿತ್ತು.

1790ರ ಸುಮಾರಿಗೆ ವಾಟ್ ಒಂದು ಪುಟ್ಟ ಉಪಕರಣ ಮಾಡಿದ. ದೊಡ್ಡ ಸಿಲಿಂಡರಿಗೆ ಜೋಡಿಸಿದ ಕಿರುಸಿಲಿಂಡರು, ಅದರಲ್ಲೊಂದು ಕಿರುಪಿಸ್ಟನ್, ಅದನ್ನು ಹಿಡಿದೆಳೆಯುವ ಸ್ಪ್ರಿಂಗು. ಒತ್ತಡ ಏರಿಳಿದಂತೆ ಮುಳ್ಳು ಆಡುತ್ತಿತ್ತು. ಆದರೆ ಓಡುವ ಮುಳ್ಳನ್ನು ಕಣ್ಣಿನಿಂದ ಓದುವುದು ಕಷ್ಟ. 1796ರಲ್ಲಿ ವಾಟ್‌ನ ಸಹಾಯಕ ಜಾನ್ ಸದರ್ನ್ ಮುಳ್ಳಿನ ಜಾಗದಲ್ಲಿ ಪೆನ್ಸಿಲನ್ನು ಕೂರಿಸಿ, ಅದರ ಹಿಂದೆ ಪಿಸ್ಟನ್ನಿನ ಜೊತೆಗೆ ಹಿಂದೆಮುಂದೆ ಸರಿಯುವ ಕಾಗದದ ಹಲಗೆಯನ್ನಿಟ್ಟ. ಎಂಜಿನ್ನು ತನ್ನ ಒತ್ತಡ ಮತ್ತು ಗಾತ್ರಗಳ ನಕ್ಷೆಯನ್ನು ತಾನೇ ಬರೆಯತೊಡಗಿತು! ನಕ್ಷೆಯ ಕುಣಿಕೆಯೊಳಗಿನ ವಿಸ್ತೀರ್ಣವೇ ಒಂದು ಆವರ್ತದಲ್ಲಿ ನಡೆದ ಕೆಲಸ.

ಈ ಉಪಕರಣವನ್ನು, ಅಂದರೆ ಇಂಡಿಕೇಟರನ್ನು, ಕಂಪೆನಿ ಬಹುಕಾಲ ವ್ಯಾಪಾರದ ಗುಟ್ಟಾಗಿ ಇಟ್ಟುಕೊಂಡಿತು. 1822ರಲ್ಲಿ ಲಂಡನ್ನಿನ ವಿಜ್ಞಾನ ಪತ್ರಿಕೆಯೊಂದರಲ್ಲಿ ಹೆಸರಿಲ್ಲದ ಪತ್ರದ ಮೂಲಕ ಅದು ಹೊರಜಗತ್ತಿಗೆ ತಿಳಿಯಿತು. 1834ರಲ್ಲಿ ಫ್ರಾನ್ಸಿನ ಎಂಜಿನಿಯರ್ ಕ್ಲಪೆರಾನ್ ಸಾದಿ ಕಾರ್ನೋನ ವಿಚಾರಗಳನ್ನು ಇಂಥದೇ ನಕ್ಷೆಯ ಮೂಲಕ ವಿವರಿಸಿದ. ಪಿಯುಸಿ ತರಗತಿಯಲ್ಲಿ ನಾವು ಕಪ್ಪುಹಲಗೆಯ ಮೇಲೆ ಬರೆಯುವ ಒತ್ತಡ-ಗಾತ್ರ ರೇಖೆಗಳ ಪೂರ್ವಜ ಸೋರಿಕೆ ಹುಡುಕುವ ಸಾಧನವಾಗಿತ್ತು ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಿದರೆ ಅವರ ಮುಖ ಅರಳುವುದನ್ನು ನಾನು ಕಂಡಿದ್ದೇನೆ.

ಒತ್ತಿದಷ್ಟೂ ಲಾಭ

ಉಗಿ ಎಂಜಿನ್ನಿನಲ್ಲಿ ಬೆಂಕಿ ಸಿಲಿಂಡರಿನ ಹೊರಗೆ. ಅದನ್ನು ಒಳಗೆ ತಂದು ಯಶಸ್ವಿಯಾಗಿ ಮಾರಾಟ ಮಾಡಿದವನು ಲೆನ್ವಾ, 1860ರಲ್ಲಿ. ಅವನ ಎಂಜಿನ್ನಿನಲ್ಲಿ ಅನಿಲ ಮತ್ತು ಗಾಳಿಯ ಮಿಶ್ರಣವನ್ನು ಒತ್ತದೆಯೇ ಹೊತ್ತಿಸಲಾಗುತ್ತಿತ್ತು, ಇಂಧನ ಮಾತ್ರ ವಿಪರೀತ ಖರ್ಚಾಗುತ್ತಿತ್ತು. ಹೊತ್ತಿಸುವ ಮೊದಲು ಮಿಶ್ರಣವನ್ನು ಒತ್ತಬೇಕೆಂದು 1862ರಲ್ಲಿ ಬೋ ದ ರೋಶಾ ಬರೆದ. 1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ನಾಲ್ಕು ಹೊಡೆತಗಳ ಎಂಜಿನ್ನನ್ನು ಓಡಿಸಿ ತೋರಿಸಿದ.

ಪಿಸ್ಟನ್ ಅತಿ ಕೆಳಗಿದ್ದಾಗ ಸಿಲಿಂಡರಿನಲ್ಲಿರುವ ಗಾತ್ರವನ್ನು, ಅದು ಅತಿ ಮೇಲಿದ್ದಾಗ ಉಳಿಯುವ ಗಾತ್ರದಿಂದ ಭಾಗಿಸಿದರೆ ಸಂಪೀಡನಾ ಅನುಪಾತ ಸಿಗುತ್ತದೆ. ಅನುಪಾತವನ್ನು 0.4ರ ಘಾತಕ್ಕೇರಿಸಿ ಅದರ ವ್ಯುತ್ಕ್ರಮವನ್ನು 1ರಿಂದ ಕಳೆದರೆ ಆಟೊ ಆವರ್ತದ ಆದರ್ಶ ದಕ್ಷತೆ ದೊರೆಯುತ್ತದೆ. ಲೆಕ್ಕ ಮಾಡಿ ನೋಡಿ: ಅನುಪಾತ 2.5 ಆದರೆ ದಕ್ಷತೆ ಶೇ. 31, 4 ಆದರೆ ಶೇ. 43, 7 ಆದರೆ ಶೇ. 54, 10 ಆದರೆ ಶೇ. 60. ನಿಜವಾದ ಎಂಜಿನ್ನುಗಳಲ್ಲಿ ಇಷ್ಟು ಸಿಗದು. ಆದರೂ ದಿಕ್ಕು ಸ್ಪಷ್ಟ. ಒತ್ತಿದಷ್ಟೂ ಲಾಭ.

ಈ ಲಾಭವನ್ನು ಬೆನ್ನಟ್ಟಿದವನು ರುಡಾಲ್ಫ್ ಡೀಸೆಲ್. ಗಾಳಿಯನ್ನೇ ಅತಿಯಾಗಿ ಒತ್ತಿ, ಆ ಕಾವಿನಿಂದಲೇ ಇಂಧನ ಹೊತ್ತಿಕೊಳ್ಳುವಂತೆ ಮಾಡುವುದು ಅವನ ಯೋಜನೆ. 1893ರ ಆಗಸ್ಟ್‌ನಲ್ಲಿ ಆಗ್ಸ್‌ಬರ್ಗ್‌ನಲ್ಲಿ ಮೊದಲ ಪರೀಕ್ಷೆ ನಡೆದಾಗ ಸಿಲಿಂಡರಿಗೆ ಜೋಡಿಸಿದ್ದ ಇಂಡಿಕೇಟರೇ ಸಿಡಿದುಹೋಯಿತು. ಎಂಜಿನ್ನು ಓಡದಿದ್ದರೂ ಒಳಗಿನ ಒತ್ತಡದಿಂದ ಇಂಧನ ಹೊತ್ತಿತೆಂಬುದಕ್ಕೆ ಆ ಒಡೆದ ಮಾಪಕವೇ ಸಾಕ್ಷಿ! 1897ರಲ್ಲಿ ಪ್ರೊಫೆಸರ್ ಶ್ರೋಟರ್ ನಡೆಸಿದ ಪರೀಕ್ಷೆಯಲ್ಲಿ ಡೀಸೆಲ್‌ನ ಎಂಜಿನ್ನು ಶೇ. 26.2 ದಕ್ಷತೆ ತೋರಿಸಿತು.

ಬಡಿತದ ಮೂಲ

ಪೆಟ್ರೋಲ್ ಎಂಜಿನ್ನುಗಳಿಗೆ ಈ ದಾರಿ ಸುಲಭವಾಗಿರಲಿಲ್ಲ. ಅನುಪಾತವನ್ನು ಏರಿಸಿದಂತೆ ಒಳಗಿನಿಂದ ಲೋಹ ಬಡಿದಂಥ ಸದ್ದು ಬರುತ್ತಿತ್ತು, ಪಿಸ್ಟನ್ನುಗಳು ಹಾಳಾಗುತ್ತಿದ್ದವು. ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಕಿಡಿವ್ಯವಸ್ಥೆಯೇ ಇದಕ್ಕೆ ಕಾರಣವೆಂದು ಹಲವರು ದೂರಿದರು. ಅವನ ಬಳಿ ಕೆಲಸ ಮಾಡುತ್ತಿದ್ದ ಥಾಮಸ್ ಮಿಜ್ಲಿ, ಬೆಳಕಿನ ಕಿರಣದಿಂದ ಒತ್ತಡವನ್ನು ದಾಖಲಿಸುವ ಇಂಡಿಕೇಟರಿನಿಂದ ಸಿಲಿಂಡರಿನ ಒಳಗನ್ನು ಪರೀಕ್ಷಿಸಿದ. ಒತ್ತಡ ದಿಢೀರನೆ ಜಿಗಿಯುತ್ತಿದ್ದದ್ದು ಕಿಡಿ ಹಾರಿದ ನಂತರ, ಉರಿ ಹರಡುತ್ತಿದ್ದಾಗ ಎಂದು ಕಂಡುಬಂತು. ಕೊನೆಗೆ ಉಳಿದ ಮಿಶ್ರಣ ಜ್ವಾಲೆ ತಲುಪುವ ಮೊದಲೇ ತಾನಾಗಿ ಹೊತ್ತಿಕೊಳ್ಳುತ್ತಿತ್ತು. ದೋಷ ಕಿಡಿಯದಲ್ಲ, ಇಂಧನದ್ದು.

ಅತ್ತ ಇಂಗ್ಲೆಂಡಿನಲ್ಲಿ ಹ್ಯಾರಿ ರಿಕಾರ್ಡೊ 1919ರಲ್ಲಿ ಓಡುತ್ತಿರುವಾಗಲೇ ಸಂಪೀಡನಾ ಅನುಪಾತವನ್ನು ಬದಲಿಸಬಹುದಾದ ಪ್ರಾಯೋಗಿಕ ಎಂಜಿನ್ನನ್ನು ನಿರ್ಮಿಸಿದ. ಬಡಿತ ಶುರುವಾಗುವವರೆಗೆ ಅನುಪಾತವನ್ನು ಏರಿಸುತ್ತ ಹೋಗಿ, ಯಾವ ಇಂಧನ ಎಷ್ಟು ಒತ್ತಡ ತಡೆಯುತ್ತದೆಂದು ಕ್ರಮವಾಗಿ ಅಳೆದ. ಒಂದು ಎಂಜಿನ್ನಿಗೆ ಎಷ್ಟು ಅನುಪಾತ ಸಾಧ್ಯವೆಂಬುದನ್ನು ಆ ಕಾಲದಲ್ಲಿ ಸಿಗುವ ಇಂಧನ ನಿರ್ಧರಿಸುತ್ತದೆ ಎಂಬುದು ಹೀಗೆ ಖಚಿತವಾಯಿತು.

ಇದರಿಂದ ನಮ್ಮ ವಿಷಯಕ್ಕೆ ಒಂದು ಮುಖ್ಯ ಪಾಠವಿದೆ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರನ್ನು ತೆಗೆದುಕೊಳ್ಳಿ. 1917ರಿಂದಾಚೆಗೆ ಅದರ ಸಂಪೀಡನಾ ಅನುಪಾತ ಸುಮಾರು 4 ಮಾತ್ರ. ಅದರ ಸಿಲಿಂಡರಿನಲ್ಲಿ ಚದರ ಅಂಗುಲಕ್ಕೆ 60 ಪೌಂಡಿನ ಆಸುಪಾಸಿನ ಒತ್ತಡ ಕಂಡರೆ ಎಂಜಿನ್ನು ಆರೋಗ್ಯವಾಗಿದೆ ಎಂದೇ ಅರ್ಥ. ಅದೇ ಸಂಖ್ಯೆಯನ್ನು ಇಂದಿನ ಕಾರಿನಲ್ಲಿ ಕಂಡರೆ ಎಂಜಿನ್ನು ಕೆಟ್ಟಿದೆ ಎನ್ನಬೇಕು. ಹಳೆಯ ಕಾರಿನ ಮಾಪನಾಂಕವನ್ನು ಅದರ ಕಾಲದ ಲೆಕ್ಕದಲ್ಲೇ ಓದಬೇಕು.

ಗ್ಯಾರೇಜಿನ ಮಾಪಕ ಏನನ್ನು ಅಳೆಯುತ್ತದೆ?

ಗ್ಯಾರೇಜಿನಲ್ಲಿ ಬಳಸುವ ಕಂಪ್ರೆಶನ್ ಗೇಜಿನಲ್ಲಿ ಎರಡು ಹಳೆಯ ಆವಿಷ್ಕಾರಗಳು ಕೂಡಿವೆ. ಒಂದು, 1849ರಲ್ಲಿ ಪ್ಯಾರಿಸಿನ ಯೂಜಿನ್ ಬೂರ್ಡಾನ್ ಪೇಟೆಂಟ್ ಪಡೆದ ಬಾಗಿದ ಚಪ್ಪಟೆ ಕೊಳವೆ. ಒಳಗೆ ಒತ್ತಡ ಹೆಚ್ಚಿದಂತೆ ಅದು ನೆಟ್ಟಗಾಗಲು ಹವಣಿಸಿ ಮುಳ್ಳನ್ನು ತಿರುಗಿಸುತ್ತದೆ. ಇನ್ನೊಂದು, ನಮ್ಮ ವಾಹನಗಳ ಟೈರುಗಳಲ್ಲಿರುವಂಥ ಏಕಮುಖ ಕವಾಟ. ಒಳನುಗ್ಗಿದ ಗಾಳಿ ಹಿಂದಿರುಗದಂತೆ ತಡೆದು, ಗರಿಷ್ಠ ಒತ್ತಡದಲ್ಲಿ ಮುಳ್ಳನ್ನು ನಿಲ್ಲಿಸುವುದು ಇದರ ಕೆಲಸ.

ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಒಂದು ರಂಧ್ರಕ್ಕೆ ಮಾಪಕವನ್ನು ಕೂರಿಸಿ, ಸೆಲ್ಫ್ ಮೋಟಾರಿನಿಂದ ಎಂಜಿನ್ನನ್ನು ಐದಾರು ಸಲ ತಿರುಗಿಸುತ್ತಾರೆ. ಅನುಪಾತ 7 ಇರುವ ಎಂಜಿನ್ನಿನಲ್ಲಿ ಎಷ್ಟು ಒತ್ತಡ ಬರಬೇಕು? ವಿದ್ಯಾರ್ಥಿಗಳನ್ನು ಕೇಳಿದರೆ ಬಹುಮಂದಿ ಬಾಯ್ಲ್ ನಿಯಮ ಹಾಕುತ್ತಾರೆ: 7 ವಾತಾವರಣ. ಮಾಪಕ ಹೊರಗಿನ ಗಾಳಿಯ ಒತ್ತಡವನ್ನು ಕಳೆದೇ ತೋರಿಸುವುದರಿಂದ 6 ವಾತಾವರಣ, ಅಂದರೆ ಸುಮಾರು 88 ಪೌಂಡು. ಆದರೆ ಬಾಯ್ಲ್ ನಿಯಮಕ್ಕೆ ತಾಪ ಬದಲಾಗಬಾರದು. ಸೈಕಲ್ ಪಂಪು ಬಿಸಿಯಾಗುವುದನ್ನು ಬಲ್ಲವರಿಗೆ ಇಲ್ಲಿ ಅದು ಸಲ್ಲದೆಂದು ಗೊತ್ತು. ಶಾಖ ಸ್ವಲ್ಪವೂ ಹೊರಹೋಗದ ಸ್ಥಿರೋಷ್ಣ ಸಂಪೀಡನೆಯಾದರೆ ಒತ್ತಡ 7ರ 1.4ನೆಯ ಘಾತದಷ್ಟು, ಅಂದರೆ ಸುಮಾರು 15.2 ವಾತಾವರಣವಾಗಿ, ಮಾಪಕದಲ್ಲಿ 209 ಪೌಂಡು ಕಾಣಬೇಕು.

ವಾಸ್ತವದಲ್ಲಿ ಕಾಣುವುದು ಇವೆರಡರ ನಡುವಿನ ಸಂಖ್ಯೆ, ಹೆಚ್ಚುಕಡಿಮೆ 120ರಿಂದ 140. ಏಕೆಂದರೆ ತಣ್ಣನೆಯ ಗೋಡೆಗಳು ಶಾಖವನ್ನು ಹೀರುತ್ತವೆ; ರಿಂಗುಗಳ ಪಕ್ಕದಲ್ಲಿ ತುಸು ಗಾಳಿ ಸೋರುತ್ತದೆ; ಎಲ್ಲಕ್ಕಿಂತ ಮುಖ್ಯವಾಗಿ, ಗಾಳಿ ಒಳಬರುವ ಕವಾಟ ಪಿಸ್ಟನ್ ಮೇಲೇರತೊಡಗಿದ ಮೇಲೂ ಕೊಂಚ ಹೊತ್ತು ತೆರೆದೇ ಇರುತ್ತದೆ. ನಿಜವಾದ ಸಂಪೀಡನೆ ಶುರುವಾಗುವುದು ಅದು ಮುಚ್ಚಿದ ಮೇಲೆ.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಆರಂಭದ ಒತ್ತಡ ಕಡಿಮೆಯಾದಷ್ಟೂ ಕೊನೆಯದೂ ಕಡಿಮೆ. ಸಮುದ್ರ ತೀರದ ಮಂಗಳೂರಿನಲ್ಲಿ 130 ತೋರಿಸುವ ಎಂಜಿನ್ನು, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 117 ತೋರಿಸುತ್ತದೆ. 2,240 ಮೀಟರ್ ಎತ್ತರದ ಉದಕಮಂಡಲಕ್ಕೆ ಒಯ್ದರೆ 100. ಮಂಗಳೂರಿನ ಪುಸ್ತಕ ಹಿಡಿದು ಊಟಿಯಲ್ಲಿ ರೋಗ ನಿರ್ಣಯಿಸಿದರೆ ಒಳ್ಳೆಯ ಎಂಜಿನ್ನೂ ಕೆಟ್ಟದ್ದೆನಿಸೀತು!

ಅಪರೂಪಕ್ಕೆ ಮಾಪಕ ನಿರೀಕ್ಷೆಗಿಂತ ಹೆಚ್ಚು ತೋರಿಸುವುದುಂಟು. ಸಂತೋಷಪಡುವಂತಿಲ್ಲ. ಒಂದೂವರೆ ಲೀಟರಿನ ನಾಲ್ಕು ಸಿಲಿಂಡರುಗಳಲ್ಲಿ ತಲಾ 375 ಘನ ಸೆಂ.ಮೀ.; ಅನುಪಾತ 7 ಆದಾಗ ಮೇಲೆ ಉಳಿಯುವ ಜಾಗ 62.5 ಘನ ಸೆಂ.ಮೀ. ಅದರಲ್ಲಿ 6 ಘನ ಸೆಂ.ಮೀ.ನಷ್ಟು ಇಂಗಾಲದ ಕಿಟ್ಟ ಕಟ್ಟಿದರೆ ಅನುಪಾತ 7.6ಕ್ಕೆ ಏರಿ, ಒತ್ತಡ ಸುಮಾರು ಶೇ. 12ರಷ್ಟು ಹೆಚ್ಚುತ್ತದೆ. ಸಿಲಿಂಡರಿಗೆ ಎಣ್ಣೆ ಇಳಿಯುತ್ತಿದ್ದರೂ ಹೀಗಾಗಬಹುದು. ಸವೆದ ಎಂಜಿನ್ನೊಂದು ಎಣ್ಣೆಯ ದೆಸೆಯಿಂದ ಗಟ್ಟಿಮುಟ್ಟಾಗಿ ಕಾಣುವುದೂ ಸಾಧ್ಯ.

ಮತ್ತೆ ಆ ಕಾರಿನ ಬಳಿ

ಈಗ ಗೆಳೆಯರ ಚೀಟಿಗೆ ಬರೋಣ: 82, 84, 55, 83. ಮೂರು ಸಂಖ್ಯೆಗಳು ಬಹುತೇಕ ಸಮ. ಆದರೆ ಮೂರೂ ಕಡಿಮೆ. ಮೂರು ಸಿಲಿಂಡರುಗಳು ಒಂದೇ ಪ್ರಮಾಣದಲ್ಲಿ ಸವೆಯುವುದು ಅಸಾಧ್ಯವೇನಲ್ಲ. ಆದರೂ ಎಲ್ಲ ಅಳತೆಗಳೂ ಒಂದೇ ಕಡೆಗೆ ವಾಲಿದಾಗ ಭೌತವಿಜ್ಞಾನದ ವಿದ್ಯಾರ್ಥಿ ಮೊದಲು ಅನುಮಾನಿಸಬೇಕಾದದ್ದು ಅಳತೆಯ ಕ್ರಮವನ್ನು. ಇದನ್ನೇ ನಾವು ವ್ಯವಸ್ಥಿತ ದೋಷ ಎನ್ನುತ್ತೇವೆ.

ಎಂ.ಎಸ್‌ಸಿ. ವಿದ್ಯಾರ್ಥಿಗಳಿಬ್ಬರನ್ನು ಕರೆದುಕೊಂಡು ಭಾನುವಾರ ಗೆಳೆಯರ ಮನೆಗೆ ಹೋದೆ. ಪರಿಚಯದ ಮೆಕ್ಯಾನಿಕ್ ಒಬ್ಬರು ಮಾಪಕ ತಂದಿದ್ದರು. ವಿಚಾರಿಸಿದಾಗ ಎರಡು ಸಂಗತಿ ತಿಳಿಯಿತು. ಹಿಂದಿನ ಸಲ ಬ್ಯಾಟರಿ ಇಳಿದಿದ್ದು, ಎಂಜಿನ್ನು ನಿಧಾನವಾಗಿ ತಿರುಗಿತ್ತು. ನಿಧಾನವಾದಷ್ಟೂ ಗಾಳಿ ಸೋರಲು, ಶಾಖ ಹೊರಹೋಗಲು ಸಮಯ ಹೆಚ್ಚು. ಜೊತೆಗೆ ಯಾರೂ ಆಕ್ಸಿಲರೇಟರನ್ನು ಒತ್ತಿ ಹಿಡಿದಿರಲಿಲ್ಲ. ಕಾರ್ಬ್ಯುರೇಟರಿನ ಬಾಗಿಲು ಮುಚ್ಚಿದ್ದರಿಂದ ಸಿಲಿಂಡರಿಗೆ ಸಾಕಷ್ಟು ಗಾಳಿಯೇ ಹೋಗಿರಲಿಲ್ಲ. ಬ್ಯಾಟರಿ ಚಾರ್ಜು ಮಾಡಿಸಿ, ಎಂಜಿನ್ನನ್ನು ಬಿಸಿ ಮಾಡಿ, ನಾಲ್ಕೂ ಪ್ಲಗ್ಗು ಬಿಚ್ಚಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಮತ್ತೆ ಅಳೆದೆವು: 118, 120, 84, 117.

ಮೂರು ಸಿಲಿಂಡರುಗಳು ಬದುಕಿಬಂದವು! ಮೂರನೆಯದು ಮಾತ್ರ ಹಟ ಬಿಡಲಿಲ್ಲ. ಕನಿಷ್ಠ ಅಳತೆ ಗರಿಷ್ಠದ ಮುಕ್ಕಾಲು ಭಾಗಕ್ಕಿಂತ ಕಡಿಮೆಯಾದರೆ ದೋಷವಿದೆ ಎಂಬುದು ಗ್ಯಾರೇಜುಗಳಲ್ಲಿ ರೂಢಿಯ ನಿಯಮ. ಇಲ್ಲಿ ಅದು ಶೇ. 70.

ಸೋರಿಕೆಗೆ ದಾರಿಗಳು ಮೂರು: ಪಿಸ್ಟನ್ನಿನ ರಿಂಗುಗಳು, ಕವಾಟಗಳು, ಹೆಡ್ ಗ್ಯಾಸ್ಕೆಟ್. ಗ್ಯಾಸ್ಕೆಟ್ ಎರಡು ಸಿಲಿಂಡರುಗಳ ನಡುವೆ ಒಡೆದಿದ್ದರೆ ಅಕ್ಕಪಕ್ಕದ ಎರಡೂ ಅಳತೆಗಳು ಕುಸಿಯಬೇಕಿತ್ತು. ಇಲ್ಲಿ ಒಂದೇ ಕುಸಿದಿದೆ. ರಿಂಗೋ ಕವಾಟವೋ ಎಂದು ತಿಳಿಯಲು ಸರಳ ಪರೀಕ್ಷೆಯಿದೆ. ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುವುದು. ಎಣ್ಣೆ ಪಿಸ್ಟನ್ನಿನ ಅಂಚಿಗೆ ಹರಿದು ರಿಂಗಿನ ಸಂದುಗಳನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಒತ್ತಡ ಜಿಗಿದರೆ ರಿಂಗು ಸವೆದಿದೆ. ಹಾಗೇ ಉಳಿದರೆ ಕವಾಟ ಸರಿಯಾಗಿ ಕೂರುತ್ತಿಲ್ಲ. ಸಿಲಿಂಡರುಗಳು ಅಡ್ಡ ಮಲಗಿರುವ ಎಂಜಿನ್ನುಗಳಲ್ಲಿ ಎಣ್ಣೆ ಒಂದೇ ಬದಿಗೆ ನಿಲ್ಲುವುದರಿಂದ ಈ ಪರೀಕ್ಷೆಯನ್ನು ನಂಬುವಂತಿಲ್ಲ. ನಮ್ಮದು ನೆಟ್ಟಗಿನ ಎಂಜಿನ್ನು. ಮೂರನೆಯ ಸಿಲಿಂಡರಿನಲ್ಲಿ 84 ಇದ್ದದ್ದು 88 ಆಯಿತು, ಅಷ್ಟೆ. ದೋಷ ಕವಾಟದ್ದು.

ಇನ್ನೂ ಖಚಿತಪಡಿಸಿಕೊಳ್ಳಲು ಆ ಪಿಸ್ಟನ್ನನ್ನು ಮೇಲಕ್ಕೆ ತಂದು, ಎರಡೂ ಕವಾಟಗಳು ಮುಚ್ಚಿರುವ ಸ್ಥಿತಿಯಲ್ಲಿ, ಕಂಪ್ರೆಸರಿನಿಂದ ಗಾಳಿ ತುಂಬಿಸಿ ಕಿವಿಗೊಟ್ಟೆವು. ಕಾರ್ಬ್ಯುರೇಟರಿನಲ್ಲಿ ಬುಸುಗುಟ್ಟಿದರೆ ಒಳಕವಾಟ, ಆಯಿಲ್ ತುಂಬುವ ಬಾಯಲ್ಲಿ ಬಂದರೆ ರಿಂಗು, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್. ಸದ್ದು ಬಂದದ್ದು ಕಾರಿನ ಹಿಂದಿನಿಂದ, ಸೈಲೆನ್ಸರಿನ ಕೊಳವೆಯಿಂದ. ಹೊರಕವಾಟ! ಫೀಲರ್ ಗೇಜಿನಿಂದ ನೋಡಿದಾಗ, ಸುಮಾರು 0.38 ಮಿ.ಮೀ. ಇರಬೇಕಾದ ಅದರ ಟ್ಯಾಪೆಟ್ ಸಂದು ಪೂರ್ತಿ ಮಾಯವಾಗಿತ್ತು. ಸಂದು ಇಲ್ಲದ್ದರಿಂದ ಕವಾಟ ಪೂರ್ತಿ ಮುಚ್ಚುತ್ತಿರಲಿಲ್ಲ. ಅದನ್ನು ಸರಿಪಡಿಸಿ ಅಳೆದಾಗ 112 ಬಂತು. ಗೆಳೆಯರು ಚೀಟಿಯ ಹಿಂಬದಿಯಲ್ಲಿ ಹೊಸ ಸಂಖ್ಯೆಗಳನ್ನು ಬರೆದುಕೊಂಡು, ಏನೂ ಹೇಳದೆ ಬಾನೆಟ್ಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದರು.

ಸೀಸ ಬಿಟ್ಟುಹೋದ ಗುರುತು

ಆದರೆ ಸಂದು ಮಾಯವಾದದ್ದೇಕೆ? ಟ್ಯಾಪೆಟ್ ಸವೆದರೆ ಸಂದು ಹೆಚ್ಚಬೇಕಲ್ಲವೆ? ಇಲ್ಲಿ ಇತಿಹಾಸ ಮತ್ತೆ ನಮ್ಮನ್ನು ಭೇಟಿಯಾಗುತ್ತದೆ.

ಮಿಜ್ಲಿ 1921ರ ಡಿಸೆಂಬರಿನಲ್ಲಿ ಬಡಿತಕ್ಕೊಂದು ಮದ್ದು ಕಂಡುಹಿಡಿದ: ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತ. 1923ರಿಂದ ಅದು ಬೆರೆತ ಪೆಟ್ರೋಲ್ ಮಾರಾಟಕ್ಕೆ ಬಂತು. ಅದರ ಬಲದಿಂದ ಸಂಪೀಡನಾ ಅನುಪಾತಗಳು ದಶಕದಿಂದ ದಶಕಕ್ಕೆ ಏರಿದವು. ಅದರ ವಿಷಗುಣ ಆರಂಭದಲ್ಲೇ ಗೊತ್ತಾಗಿತ್ತು. 1924ರಲ್ಲಿ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಐವರು ಕಾರ್ಮಿಕರು ಸತ್ತರು. ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಎಚ್ಚರಿಸಿದರು. ಆದರೂ ಜಗತ್ತು ಎಚ್ಚೆತ್ತುಕೊಳ್ಳಲು ಅರ್ಧ ಶತಮಾನ ಬೇಕಾಯಿತು. ಭಾರತದಲ್ಲಿ ದೇಶಾದ್ಯಂತ ಸೀಸರಹಿತ ಪೆಟ್ರೋಲ್ ಬಂದದ್ದು 2000ದಲ್ಲಿ. ವಾಹನಗಳಿಗೆ ಸೀಸದ ಪೆಟ್ರೋಲ್ ಮಾರುವುದನ್ನು ಕೊನೆಯದಾಗಿ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ.

ಸೀಸಕ್ಕೆ ಯಾರೂ ಕೇಳದ ಇನ್ನೊಂದು ಗುಣವಿತ್ತು. ಉರಿದ ಮೇಲೆ ಅದರ ಸಂಯುಕ್ತಗಳು ಹೊರಕವಾಟ ಕೂರುವ ಪೀಠದ ಮೇಲೆ ತೆಳುಪದರವಾಗಿ ನಿಂತು, ಬಿಸಿ ಲೋಹಕ್ಕೆ ಬಿಸಿ ಲೋಹ ಅಂಟದಂತೆ ತಡೆಯುತ್ತಿದ್ದವು. ಹಳೆಯ ಎಂಜಿನ್ನುಗಳ ಪೀಠ ಮೆದು ಎರಕದ ಕಬ್ಬಿಣದ್ದು. ಸೀಸ ಹೋದ ಮೇಲೆ, ವಿಶೇಷವಾಗಿ ಹೆದ್ದಾರಿಯ ವೇಗದಲ್ಲಿ, ಕವಾಟ ಬಡಿದಾಗಲೆಲ್ಲ ಪೀಠದ ಕಣಗಳು ಕಿತ್ತು ಬರುತ್ತವೆ. ಕವಾಟ ಸ್ವಲ್ಪಸ್ವಲ್ಪವೇ ಹೆಡ್ಡಿನೊಳಗೆ ಮೇಲಕ್ಕೆ ಸರಿಯುತ್ತದೆ, ಟ್ಯಾಪೆಟ್ ಸಂದು ಕಿರಿದಾಗುತ್ತದೆ. ಮುಂದೆ ಹೆಡ್ ಬಿಚ್ಚಿಸಿದಾಗ ಮೂರನೆಯ ಸಿಲಿಂಡರಿನ ಪೀಠ ಹಾಗೆಯೇ ಕುಸಿದಿತ್ತು. ಗಟ್ಟಿ ಉಕ್ಕಿನ ಉಂಗುರಗಳನ್ನು ಕೂರಿಸಿ ಅದನ್ನು ಸರಿಪಡಿಸಲಾಯಿತು. ಸಂಪೀಡನೆಯನ್ನು ಹೆಚ್ಚಿಸಲೆಂದು ಬಂದ ಸೀಸ, ಹೊರಟುಹೋಗುವಾಗ ಹಳೆಯ ಕಾರಿನ ಸಂಪೀಡನೆಯನ್ನು ಕೊಂಡೊಯ್ದಿತ್ತು. ಮಕ್ಕಳ ಆರೋಗ್ಯಕ್ಕೆ ಹೋಲಿಸಿದರೆ ಈ ಬೆಲೆ ಏನೇನೂ ಅಲ್ಲ ಎಂಬುದನ್ನು ಗೆಳೆಯರೇ ಹೇಳಿದರು.

ಉಪಾಧ್ಯಾಯರಿಗೆ ಒಂದು ಮಾತು

ನಮ್ಮ ಪ್ರಯೋಗಶಾಲೆಗಳಲ್ಲಿ ವಿಚಿತ್ರ ಅಳತೆ ಬಂದಾಗ ವಿದ್ಯಾರ್ಥಿ ಏನು ಮಾಡುತ್ತಾನೆ? ರಬ್ಬರಿನಿಂದ ಅಳಿಸಿ, ಪಕ್ಕದವನ ಪುಸ್ತಕ ನೋಡಿ ಬರೆಯುತ್ತಾನೆ. ಹಾಗೆ ಬರೆದ ಉತ್ತರಕ್ಕೆ ನಾವು ಅಂಕವನ್ನೂ ಕೊಡುತ್ತೇವೆ. ನಾನೂ ಬಹಳ ವರ್ಷ ಕೊಟ್ಟಿದ್ದೇನೆ. ಆ ಭಾನುವಾರ ಬಂದಿದ್ದ ವಿದ್ಯಾರ್ಥಿಯೊಬ್ಬ ಹಿಂದಿರುಗುವಾಗ, "ಸಾರ್, ಲ್ಯಾಬಿನಲ್ಲಾಗಿದ್ದರೆ ಆ 84ನ್ನು ನಾನು 114 ಅಂತ ತಿದ್ದಿಬಿಡ್ತಿದ್ದೆ" ಎಂದ. ಅಂದಿನಿಂದ ನಮ್ಮ ಪ್ರಯೋಗಶಾಲೆಯಲ್ಲಿ ಒಂದು ನಿಯಮವಿದೆ: ಅಸಹಜ ಅಳತೆಯನ್ನು ಅಳಿಸುವಂತಿಲ್ಲ. ಅದರ ಪಕ್ಕದಲ್ಲಿ ಸಂಭವನೀಯ ಕಾರಣಗಳನ್ನು, ಪ್ರತಿ ಕಾರಣವನ್ನು ಪರೀಕ್ಷಿಸುವ ಬಗೆಯನ್ನು ಬರೆಯಬೇಕು. ಅದಕ್ಕೂ ಅಂಕವಿದೆ.

ನೀವೂ ನಿಮ್ಮ ಊರಿನ ಗ್ಯಾರೇಜಿಗೆ ವಿದ್ಯಾರ್ಥಿಗಳನ್ನು ಒಮ್ಮೆ ಕರೆದೊಯ್ಯಿರಿ. ಕಂಪ್ರೆಶನ್ ಗೇಜನ್ನು ತೋರಿಸಿ. ಎಷ್ಟು ಬರಬೇಕೆಂದು ಮೊದಲು ಲೆಕ್ಕ ಹಾಕಲಿ, ಊರಿನ ಎತ್ತರವನ್ನೂ ಸೇರಿಸಿಕೊಳ್ಳಲಿ. ಆಮೇಲೆ ಅಳೆಯಲಿ. ಲೆಕ್ಕಕ್ಕೂ ಅಳತೆಗೂ ನಡುವೆ ಬರುವ ವ್ಯತ್ಯಾಸದ ಬಗ್ಗೆ ಅವರು ಪ್ರಶ್ನೆ ಕೇಳಲು ತೊಡಗಿದರೆ ಅಂದಿನ ಪಾಠ ಸಾರ್ಥಕ.